ಕೊನೆಯ ಬೆಂಚಿಗೆ ಬಾರದ ಸಮಾಧಾನ

ಎಸ್ತೇರಮ್ಮನಿಗೆ ಸಿಟ್ಟು ಬರುತ್ತದೆ ಎಂದು ಯಾರೂ ಹೇಳುತ್ತಿರಲಿಲ್ಲ. ಹೋದರೆ ತಾನೇ ಬರುವುದು! ಬೆಳಿಗ್ಗೆ ಅವಳು ಒಲೆ ಹಚ್ಚುವ ಹೊತ್ತಿಗೆ ಅದೂ ಎದ್ದು ಕೂತಿರುತ್ತಿತ್ತು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅವಳಿದ್ದ ವಠಾರದವರಿಗೆಲ್ಲ ಇದು ಗೊತ್ತಿತ್ತು. ನಲ್ಲಿಯ ಹತ್ತಿರ ಅವಳ ಕೊಡವನ್ನು ಯಾರೂ ಸರಿಸುತ್ತಿರಲಿಲ್ಲ. ಸೊಪ್ಪಿನವಳು ಬಾಡಿದ ಕಟ್ಟನ್ನು ಅವಳ ಮುಂದೆ ಎತ್ತುತ್ತಿರಲಿಲ್ಲ. ಆದರೆ ಅದೇ ವಠಾರದಲ್ಲಿ ಯಾರಿಗಾದರೂ ಹೆರಿಗೆ ನೋವು ಶುರುವಾದರೆ ಮೊದಲು ಬಡಿಯುತ್ತಿದ್ದುದು ಅವಳ ಬಾಗಿಲನ್ನೇ. ಬೈಯುತ್ತಲೇ ಆಟೋ ಹಿಡಿದು, ಬೈಯುತ್ತಲೇ ಆಸ್ಪತ್ರೆ ಮುಟ್ಟಿಸಿ, ಮರುದಿನ ಬೈಯುತ್ತಲೇ ಗಂಜಿ ಕಾಯಿಸಿ ತಂದುಕೊಡುವ ಹೆಂಗಸು ಅವಳು.

ಆ ಸಿಟ್ಟು ಹುಟ್ಟಿದ್ದು ಕಾಲುವೆಯ ಪಕ್ಕದ ಚಾನೆಲ್ ದಾರಿಯಲ್ಲಿದ್ದ ಹೆಂಚಿನ ಮಾಡಿನ ಕನ್ನಡ ಕ್ರೈಸ್ತರ ದೇವಾಲಯದಲ್ಲಿ. ಅದು ಹಿಡಿದು ನಿಂತಿದ್ದು ಒಬ್ಬನೇ ಮನುಷ್ಯನನ್ನು. ಅಮೃತರಾಜ ಮೇಷ್ಟ್ರು, ನಿವೃತ್ತ ಹೆಡ್‌ಮಾಸ್ಟರು, ಸಭೆಯ ಹಿರಿಯರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಯ ಜೇಬಿನಲ್ಲಿ ಎರಡು ಪೆನ್ನು. ಆ ದೇವಾಲಯದಲ್ಲಿ ಅಯ್ಯನವರು, ಅಂದರೆ ಪಾದ್ರಿಗಳು, ನಾಲ್ಕೈದು ವರ್ಷಕ್ಕೊಮ್ಮೆ ವರ್ಗವಾಗಿ ಬರುತ್ತಿದ್ದರು, ಹೋಗುತ್ತಿದ್ದರು. ಮೇಷ್ಟ್ರು ಮಾತ್ರ ಕಂಬದ ಹಾಗೆ ಅಲ್ಲೇ ಇದ್ದರು. ಯಾವುದು ಸರಿ, ಯಾವುದು ತಪ್ಪು, ಯಾರು ಒಳಗೆ, ಯಾರು ಹೊರಗೆ ಎಂದು ಹೇಳುತ್ತಿದ್ದವರು ಅವರೇ. ಕೇಳಿದರೂ ಹೇಳುತ್ತಿದ್ದರು, ಕೇಳದಿದ್ದರೂ ಹೇಳುತ್ತಿದ್ದರು.

ಎಸ್ತೇರಮ್ಮನ ಗಂಡ ಜಯಶೀಲ ಕಬ್ಬಿಣದ ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೆಲಸಕ್ಕಿದ್ದ. ದೇವಾಲಯದಲ್ಲಿ ಕೀರ್ತನೆಗಳನ್ನು ಎತ್ತಿಕೊಡುತ್ತಿದ್ದವನು ಅವನು. ಅಂಥ ದನಿ. ತಮಿಳು ಸಭೆಯವರು ಅಲ್ಲೇ ಬೆಳಗಿನ ಆರಾಧನೆ ಮುಗಿಸಿ ಮನೆಗೆ ಹೊರಟವರು, ಕನ್ನಡದವರ ಆರಾಧನೆ ಶುರುವಾದಾಗ ಅವನ ಹಾಡು ಕೇಳಲೆಂದೇ ಗೇಟಿನ ಬಳಿ ನಿಲ್ಲುತ್ತಿದ್ದರು. ಹಾಡುತ್ತಿದ್ದವನು ಅವನೇ, ಕುಡಿಯುತ್ತಿದ್ದವನೂ ಅವನೇ. ಮಕ್ಕಳಾಗಲಿಲ್ಲ ಎಂಬ ಕೊರಗೋ, ಕುಲುಮೆಯ ಮುಂದೆ ನಿಂತ ದಣಿವೋ, ಕಾರಣ ಕೇಳಿದರೆ ದಿನಕ್ಕೊಂದು ಹೇಳುತ್ತಿದ್ದ. ಶನಿವಾರ ಕುಡಿದು ಭಾನುವಾರ ಹಾಡಲು ನಿಂತಾಗ ಮೇಷ್ಟ್ರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಕೊನೆಗೊಂದು ದಿನ ಕೀರ್ತನೆ ಎತ್ತಿಕೊಡುವ ಕೆಲಸವನ್ನು ಅವನಿಂದ ಕಿತ್ತುಕೊಂಡರು. ಅಲ್ಲಿಂದ ಅವನು ಇನ್ನೂ ಹೆಚ್ಚು ಕುಡಿದ.

ತೊಂಬತ್ಮೂರರ ಬೇಸಿಗೆಯಲ್ಲಿ, ಗದ್ದೆಗಳಿಗೆ ನೀರು ಬಿಟ್ಟು ಚಾನೆಲ್ಲು ತುಂಬಿ ಹರಿಯುತ್ತಿದ್ದಾಗ, ಜಯಶೀಲನ ಹೆಣ ತೂಬಿನ ಹತ್ತಿರ ಸಿಕ್ಕಿತು. ಹಿಂದಿನ ಸಂಜೆ ಮನೆಯಲ್ಲಿ ಗಂಡ ಹೆಂಡತಿಗೆ ಮಾತು ಬೆಳೆದಿತ್ತು. ಏನು ಮಾತು ಎಂದು ಎಸ್ತೇರಮ್ಮ ಯಾರಿಗೂ ಹೇಳಲಿಲ್ಲ. ಅವನು ಕುಡಿದೇ ಇದ್ದ, ಹೊರಗೆ ಹೋದ, ಮರಳಲಿಲ್ಲ. ಅವನ ಚಪ್ಪಲಿಗಳು ಚಾನೆಲ್ಲಿನ ಮೆಟ್ಟಿಲ ಮೇಲೆ ಒಂದರ ಪಕ್ಕ ಒಂದು ಇದ್ದವು.

ಆ ಚಪ್ಪಲಿಗಳೇ ಎಲ್ಲವನ್ನೂ ಕೆಡಿಸಿದವು. ಪೊಲೀಸರು ಬಂದರು, ಬರೆದುಕೊಂಡರು, ನೀರಿಗೆ ಬಿದ್ದು ಸಾವು ಎಂದು ಹೇಳಿ ಹೆಣ ಬಿಟ್ಟುಕೊಟ್ಟರು. ಪೊಲೀಸರಿಗೆ ಅಷ್ಟು ಸಾಕಾಯಿತು. ಮೇಷ್ಟ್ರಿಗೆ ಸಾಕಾಗಲಿಲ್ಲ. ತನ್ನ ಪ್ರಾಣ ತಾನೇ ಕಳೆದುಕೊಂಡವನ ಪೆಟ್ಟಿಗೆಯನ್ನು ದೇವಾಲಯದ ಒಳಗೆ ತರುವ ಹಾಗಿಲ್ಲ, ಗಂಟೆ ಬಾರಿಸುವ ಹಾಗಿಲ್ಲ ಎಂಬುದು ಅಲ್ಲಿನ ಹಳೆಯ ಕಟ್ಟಳೆ. ಮೇಷ್ಟ್ರು ಗೇಟಿನಲ್ಲೇ ಅಡ್ಡ ನಿಂತರು.

“ಕಾಲು ಜಾರಿದವನು ಚಪ್ಪಲಿ ಬಿಚ್ಚಿ, ಜೋಡಿಸಿಟ್ಟು ಜಾರ್ತಾನೇನಮ್ಮ?” ಎಂದರು. ಜೋರು ಮಾಡಿ ಹೇಳಲಿಲ್ಲ. ತರಗತಿಯಲ್ಲಿ ತಪ್ಪು ಲೆಕ್ಕ ಮಾಡಿದ ಹುಡುಗನಿಗೆ ಹೇಳುವ ದನಿ ಅದು. ಎಸ್ತೇರಮ್ಮನಿಗೆ ಆ ದನಿಯೇ ಇಂದಿಗೂ ಕಿವಿಯಲ್ಲಿದೆ.

“ಕಾಲು ತೊಳ್ಕೊಳ್ಳೋನು ಚಪ್ಪಲಿ ಹಾಕ್ಕೊಂಡೇ ತೊಳ್ಕೊಳ್ತಾನಾ ಮೇಷ್ಟ್ರೇ? ನಿಮಗೇನು ಗೊತ್ತು? ನೀವು ಅಲ್ಲಿ ನಿಂತು ನೋಡ್ತಿದ್ರಾ?”

“ನೋಡಬೇಕಾಗಿಲ್ಲ. ಅವನು ಬದುಕಿದ ರೀತಿ ನೋಡಿದ್ರೆ ಸಾಕು.”

ಅಯ್ಯನವರು ಆಗಷ್ಟೇ ಬಂದಿದ್ದ ಎಳೆಯ ವಯಸ್ಸಿನವರು. ಅವರು ಮೇಷ್ಟ್ರ ಮುಖ ನೋಡಿದರು, ಮೇಷ್ಟ್ರು ಅಲ್ಲಾಡಲಿಲ್ಲ. ಎರಡು ಸ್ಟೂಲುಗಳ ಮೇಲೆ ಪೆಟ್ಟಿಗೆಯನ್ನು ಗೇಟಿನ ಹೊರಗೆ ರಸ್ತೆಯ ಮೇಲಿಟ್ಟು ಒಂದು ಗಿಡ್ಡ ಪ್ರಾರ್ಥನೆ ಮಾಡಿದರು. ಬಸ್ಸುಗಳು ಹಾರ್ನ್ ಹೊಡೆಯುತ್ತ ಪಕ್ಕದಲ್ಲೇ ಹೋದವು. ಮಣ್ಣು ಮಾಡಿದ್ದು ಸಮಾಧಿಯ ಜಾಗದ ಹಿಂದಿನ ಗೋಡೆಯ ಮೂಲೆಯಲ್ಲಿ, ಲಂಟಾನದ ಪೊದೆಯ ಪಕ್ಕ. ವರ್ಷಗಟ್ಟಲೆ ಅದೇ ದೇವಾಲಯದಲ್ಲಿ ಸತ್ತವರಿಗೆಲ್ಲ ಹಾಡಿ ಕಳಿಸಿದವನಿಗೆ ಒಬ್ಬರೂ ಒಂದು ಕೀರ್ತನೆ ಹಾಡಲಿಲ್ಲ. ಎಸ್ತೇರಮ್ಮನಿಗೆ ಹಾಡಲು ಬರುತ್ತಿರಲಿಲ್ಲ. ಬಂದಿದ್ದರೆ ಅವಳೇ ಹಾಡುತ್ತಿದ್ದಳು.

ಅಂದಿನಿಂದ ಅವಳಿಗೆ ಬೇಕಿದ್ದುದು ಒಂದೇ. ಅಮೃತರಾಜ ಮೇಷ್ಟ್ರು ತಮ್ಮ ಬಾಯಿಂದ, ತನ್ನ ಕಿವಿಗೆ ಬೀಳುವ ಹಾಗೆ, ನಾನು ಹೇಳಿದ್ದು ತಪ್ಪು ಎನ್ನಬೇಕು. ಅಷ್ಟೇ. ಜಯಶೀಲ ಜಾರಿ ಬಿದ್ದ ಎಂದು ಕೇಳಿದವರಿಗೂ ಕೇಳದವರಿಗೂ ಅವಳು ಹೇಳುತ್ತಿದ್ದಳು. ಯಾರಾದರೂ ಹೂಂ ಎನ್ನುವುದು ಸ್ವಲ್ಪ ತಡವಾದರೆ ಅವರ ಮೇಲೂ ಹರಿಹಾಯುತ್ತಿದ್ದಳು.

ಆ ದೇವಾಲಯದಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ರೊಟ್ಟಿ, ದ್ರಾಕ್ಷಾರಸ ಹಂಚುವ ಮೊದಲು ಸಮಾಧಾನ ಹಂಚುತ್ತಾರೆ. ಅದು ಬಾಯಲ್ಲಿ ಹೇಳಿ ಮುಗಿಸುವುದಲ್ಲ. ಅಯ್ಯನವರು ಮೇಜಿನ ಬಳಿ ನಿಂತು ಒಬ್ಬ ಹಿರಿಯರ ಕೈಗೂ ತಮ್ಮ ಹೆಂಡತಿಯ ಕೈಗೂ ಕೊಡುತ್ತಾರೆ. ಹಿರಿಯರು ಬಲಗಡೆ ಗಂಡಸರ ಬೆಂಚುಗಳಿಗೆ ತರುತ್ತಾರೆ, ಅಮ್ಮನವರು ಎಡಗಡೆ ಹೆಂಗಸರ ಬೆಂಚುಗಳಿಗೆ. ಪಡೆಯುವವರು ಎರಡು ಅಂಗೈ ಜೋಡಿಸಿ ಮುಂದೆ ಚಾಚಬೇಕು. ಕೊಡುವವರು ಆ ಕೈಗಳನ್ನು ತಮ್ಮ ಎರಡು ಕೈಗಳ ನಡುವೆ ಹಿಡಿದು “ಕರ್ತನ ಸಮಾಧಾನ” ಎನ್ನಬೇಕು. ಪಡೆದವರು ಪಕ್ಕದವರಿಗೆ, ಅವರು ತಮ್ಮ ಪಕ್ಕದವರಿಗೆ, ಬೆಂಚಿನ ತುದಿಯವರು ಹಿಂದೆ ತಿರುಗಿ ಹಿಂದಿನ ಬೆಂಚಿಗೆ. ತನ್ನಷ್ಟಕ್ಕೆ ತಾನೇ ಎತ್ತಿ ಕೊಡುವ ಹಾಗಿಲ್ಲ. ಮುಂದಿನವರಿಂದ ಬಂದಿದ್ದರೆ ಮಾತ್ರ ಹಿಂದಿನವರಿಗೆ ಕೊಡಬಹುದು. ಸಂಡೇ ಸ್ಕೂಲಿನ ಮಕ್ಕಳಿಗೂ ಇದು ಗೊತ್ತು.

ಜಯಶೀಲನನ್ನು ಮಣ್ಣು ಮಾಡಿದ ಮೇಲಿನ ಮೊದಲ ಭೋಜನದ ಭಾನುವಾರ ಎಸ್ತೇರಮ್ಮ ಕೊನೆಯ ಬೆಂಚಿನಲ್ಲಿ ಕೂತಳು. ಅತ್ತು ಮುಖ ಊದಿತ್ತು, ಯಾರ ಕಣ್ಣಿಗೂ ಬೀಳುವುದು ಬೇಡವಾಗಿತ್ತು. ಸಮಾಧಾನ ಬೆಂಚಿನಿಂದ ಬೆಂಚಿಗೆ ಬಂತು. ಮುಂದಿನ ಬೆಂಚಿನ ತುದಿಯಲ್ಲಿದ್ದವರು ಸುಶೀಲಾಬಾಯಿ. ಎಸ್ತೇರಮ್ಮ ಅಂಗೈ ಜೋಡಿಸಿ ಚಾಚಿದಳು. ಸುಶೀಲಾಬಾಯಿ ಅರ್ಧ ತಿರುಗಿದರು. ಆಚೆ ಕಡೆ ಗಂಡಸರ ಸಾಲಿನ ಮುಂದೆ ನಿಂತಿದ್ದ ಮೇಷ್ಟ್ರ ಕಡೆ ಒಮ್ಮೆ ನೋಡಿದರು. ಸೆರಗು ಸರಿ ಮಾಡಿಕೊಂಡು ಮತ್ತೆ ಮುಂದಕ್ಕೆ ತಿರುಗಿದರು.

ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಏನೆಂದು ಅನುಭವಿಸಿದವರಿಗೇ ಗೊತ್ತು. ಅವಳು ಆ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡಳು. ಅಲ್ಲಿಂದ ಮುಂದೆ ಯಾವ ತಿಂಗಳೂ ಆ ಬೆಂಚಿಗೆ ಸಮಾಧಾನ ಬರಲಿಲ್ಲ, ಅವಳೂ ಕೈ ಚಾಚಲಿಲ್ಲ. ಹೀಗೇ ಅಂತ ಯಾರೂ ಹೇಳಿರಲಿಲ್ಲ, ಯಾರೂ ಬರೆದಿರಲಿಲ್ಲ. ಒಂದು ಸಲ ಆದದ್ದು ಎರಡನೆಯ ಸಲವೂ ಆಯಿತು, ಆಮೇಲೆ ಅದೇ ಪದ್ಧತಿಯಾಯಿತು. ನೆರೆಯವರನ್ನು ಪ್ರೀತಿಸಬೇಕೆಂದು ವಾರವಾರ ಪ್ರಸಂಗ ಕೇಳಿ ತಲೆದೂಗುವ ಜನ ಇವರು! ನೆರೆಯವಳು ಒಂದು ಬೆಂಚಿನ ಹಿಂದೆ ಕೂತಿದ್ದರೆ ಕತ್ತು ತಿರುಗಿಸಲಾರರು.

ಬೇರೆ ಕಡೆ ಹೋಗು ಎಂದವರಿದ್ದರು. ಶಿವಮೊಗ್ಗದ ಗೋಪಾಳದಲ್ಲಿ ಹೊಸ ಪ್ರಾರ್ಥನಾ ಮಂದಿರ ಆಗಿದೆ, ಅಲ್ಲಿ ಎಲ್ಲರನ್ನೂ ತಬ್ಬಿಕೊಳ್ಳುತ್ತಾರೆ ಎಂದರು. “ನಾನ್ಯಾಕೆ ಹೋಗ್ಲಿ?” ಎಂದಳು ಎಸ್ತೇರಮ್ಮ. “ಅವರು ವಾರವಾರ ನನ್ನ ಮುಖ ನೋಡ್ಲಿ. ನೋಡಿ ಅವರ ಎದೆ ಉರೀಲಿ.” ಅವರ ಎದೆ ಉರಿಯಿತೋ ಇಲ್ಲವೋ, ಅವಳದಂತೂ ಉರಿಯುತ್ತಲೇ ಇತ್ತು. ಕೊನೆಯ ಬೆಂಚಿನಿಂದ ಎಲ್ಲರ ಬೆನ್ನೂ ಕಾಣುತ್ತದೆ. ಯಾರು ತೂಕಡಿಸುತ್ತಾರೆ, ಯಾರು ಹೊಸ ಸೀರೆ ತೋರಿಸಲು ಬಂದಿದ್ದಾರೆ, ಯಾರು ನೆರೆಮನೆಯ ಜಗಳ ಬಿಟ್ಟು ಬಂದು ಇಲ್ಲಿ ಕಣ್ಣು ಮುಚ್ಚಿ ಕೂತಿದ್ದಾರೆ, ಎಲ್ಲವೂ ಅವಳಿಗೆ ಕಾಣುತ್ತಿತ್ತು. ಕಂಡದ್ದನ್ನೆಲ್ಲ ಮನಸ್ಸಿನಲ್ಲಿ ಗುಡ್ಡೆ ಹಾಕಿಕೊಳ್ಳುತ್ತಿದ್ದಳು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂತು ಮಾಡುತ್ತಿದ್ದ ಕೆಲಸವನ್ನೇ ತಾನು ಹಿಂದಿನ ಸಾಲಿನಲ್ಲಿ ಕೂತು ಮಾಡುತ್ತಿದ್ದೇನೆ ಎಂದು ಅವಳಿಗೆ ಹೊಳೆಯಲಿಲ್ಲ. ಯಾರಾದರೂ ಹೇಳಿದ್ದರೆ ಅವರ ಜನ್ಮ ಜಾಲಾಡಿಬಿಡುತ್ತಿದ್ದಳು.

ಹೊಟ್ಟೆಪಾಡಿಗೆ ಅವಳು ಅಡುಗೆ ಕಂಟ್ರಾಕ್ಟರ್ ಕೊಟ್ರಬಸಪ್ಪನ ತಂಡ ಸೇರಿದಳು. ಮದುವೆ, ಗೃಹಪ್ರವೇಶ, ನಾಮಕರಣ. ಕಾಯಿ ತುರಿಯುವುದು, ಹೋಳಿಗೆ ಲಟ್ಟಿಸುವುದು, ಕಡಾಯಿ ತಿಕ್ಕುವುದು. ಅಲ್ಲಿ ಅವಳ ಜೊತೆಗಾತಿ ಹುಲಿಗೆಮ್ಮ. ಮದುವೆ ಮನೆಯಲ್ಲಿ ವಿಧವೆ ಬಡಿಸುವುದು, ಅದರಲ್ಲೂ ಕ್ರಿಶ್ಚಿಯನ್ ಹೆಂಗಸು ಬಡಿಸುವುದು ಅಂದರೆ ಕೆಲವರು ಎಲೆ ಬಿಟ್ಟು ಏಳುತ್ತಾರೆ ಎಂಬ ಭಯ ಕೊಟ್ರಬಸಪ್ಪನಿಗೆ. ಅದಕ್ಕೆ ಬಡಿಸುವವರು ಕಡಿಮೆ ಬಿದ್ದ ದಿನ ಎಸ್ತೇರಮ್ಮ ಈಶ್ವರಮ್ಮ ಆಗುತ್ತಿದ್ದಳು. ಹುಲಿಗೆಮ್ಮ ತನ್ನ ಭರಣಿಯಿಂದ ಅವಳ ಹಣೆಗೆ ಕುಂಕುಮ ಇಡುತ್ತಿದ್ದಳು. “ಸುಮ್ನೆ ನಿಂತ್ಕೋ ಮಾರಾಯ್ತಿ, ಕೆಲ್ಸ ಆದ್ಮೇಲೆ ಒರೆಸ್ಕೊಂಡ್ರಾಯ್ತು” ಎನ್ನುತ್ತಿದ್ದಳು. ಎಸ್ತೇರಮ್ಮ ಹಲ್ಲು ಕಚ್ಚಿ ನಿಲ್ಲುತ್ತಿದ್ದಳು. ಕುಂಕುಮ ಇಟ್ಟುಕೊಳ್ಳುವುದು ಅವಳ ಸಭೆಯಲ್ಲಿ ಸಣ್ಣ ತಪ್ಪಲ್ಲ. ಸಂಜೆ ಬಸ್ಸು ಹತ್ತುವ ಮೊದಲು ಸೆರಗಿನ ತುದಿ ನೆನೆಸಿ ಹಣೆ ಕೆಂಪಾಗುವ ತನಕ ಉಜ್ಜುತ್ತಿದ್ದಳು.

ಇತ್ತ ಮೇಷ್ಟ್ರ ಒಬ್ಬಳೇ ಮಗಳು ಇಂಪನಾ ಶಿವಮೊಗ್ಗದ ಒಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದಳು. ತಾಯಿಯಿಲ್ಲದ ಹುಡುಗಿ, ಮೇಷ್ಟ್ರೇ ಜಡೆ ಹಾಕಿ ಬೆಳೆಸಿದ್ದು. ಅವಳು ಜೊತೆಗೆ ಕೆಲಸ ಮಾಡುವ ಭೀಮೇಶ್ ಎಂಬ ಹುಡುಗನನ್ನು ಮದುವೆಯಾಗುತ್ತೇನೆ, ಅವರ ಮನೆಯ ಪದ್ಧತಿಯಂತೆಯೇ ಆಗುತ್ತೇನೆ ಎಂದು ಹಟ ಹಿಡಿದಳು. ಮೇಷ್ಟ್ರಿಗೆ ಇದು ಸಹಿಸುವ ಮಾತಲ್ಲ. ಯಾಕೆಂದರೆ ಎರಡು ವರ್ಷದ ಹಿಂದೆ ಅವರೇ ಸಭೆಯಲ್ಲಿ ಒಂದು ನಿಯಮ ತಂದಿದ್ದರು. ದೇವಾಲಯದ ಹೊರಗೆ ಮದುವೆಯಾದವರು ಸಭೆಗೆ ಹೊರತು. ಅಂಥ ಮದುವೆಗೆ ಹೋಗಿ ಉಂಡವರಿಗೂ ಆರು ತಿಂಗಳು ಶಿಸ್ತು. ಶಿಸ್ತು ಎಂದರೆ ಕರ್ತನ ಭೋಜನವಿಲ್ಲ, ಕೊನೆಯ ಬೆಂಚು. ಆ ನಿಯಮಕ್ಕೆ ಸಿಕ್ಕಿ ಎಷ್ಟೋ ಮನೆಗಳಲ್ಲಿ ಅಕ್ಕನ ಮದುವೆಗೆ ತಮ್ಮ ಹೋಗಿರಲಿಲ್ಲ. ಈಗ ಮೇಷ್ಟ್ರು ಆರಾಧನೆ ಮುಗಿದ ಮೇಲೆ ಎದ್ದು ನಿಂತು, “ಆ ಮಗಳು ನನಗಿಲ್ಲ” ಎಂದರು. ದನಿ ನಡುಗಲಿಲ್ಲ. ಹೆಂಗಸರು ಕಣ್ಣೊರೆಸಿಕೊಂಡರು, ಎಂಥ ನಂಬಿಕೆಯ ಮನುಷ್ಯ ಎಂದರು. ಕೊನೆಯ ಬೆಂಚಿನಲ್ಲಿ ಎಸ್ತೇರಮ್ಮ ಮನಸ್ಸಿನಲ್ಲೇ, “ಹೆತ್ತ ಮಗಳನ್ನೇ ಗೇಟಿನ ಹೊರಗೆ ಇಟ್ಟ” ಎಂದು ಉಗಿದಳು.

ಎರಡು ಸಾವಿರದ ಎರಡರ ಮೇ ತಿಂಗಳು. ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ ಮದುವೆ, ಅಡುಗೆ ಕೊಟ್ರಬಸಪ್ಪನದು. ಯಾರ ಮದುವೆ ಎಂದು ಎಸ್ತೇರಮ್ಮ ಕೇಳಿರಲಿಲ್ಲ. ಅವಳಿಗೆ ಎಲ್ಲ ಮದುವೆಯೂ ಒಂದೇ ಹೂರಣ. ಎರಡನೆಯ ಪಂಕ್ತಿಗೆ ಬಡಿಸುವವರು ಸಾಲದೆ ಹೋಗಿ ಕೊಟ್ರಬಸಪ್ಪ ಕೂಗಿದ, “ಈಶ್ವರಮ್ಮಾ, ಹೋಳಿಗೆ ತಟ್ಟೆ ತಗೋ!” ಹುಲಿಗೆಮ್ಮ ಹಣೆಗೆ ಕುಂಕುಮ ಒತ್ತಿದಳು. ಎಸ್ತೇರಮ್ಮ ತಟ್ಟೆ ಎತ್ತಿಕೊಂಡು ಸಾಲು ಹಿಡಿದಳು.

ಸಾಲಿನ ಕೊನೆಯಲ್ಲಿ, ಕಿಟಕಿ ಪಕ್ಕ, ಗೋಡೆಗೆ ಮುಖ ಮಾಡಿದ ಹಾಗೆ ಒಬ್ಬರು ಕೂತಿದ್ದರು. ಬಿಳಿ ಅಂಗಿ. ಭುಜದ ಮೇಲೆ ನಾಲ್ಕು ಕಾಳು ಅಕ್ಷತೆ ಅಂಟಿತ್ತು. ಜೇಬಿನಲ್ಲಿ ಎರಡು ಪೆನ್ನು.

ಮೇಷ್ಟ್ರು ತಲೆಯೆತ್ತಿದರು. ಮೊದಲು ಅವಳ ಕೈ ನೋಡಿದರು, ಆಮೇಲೆ ಮುಖ, ಆಮೇಲೆ ಹಣೆ. ಅವರ ಕಣ್ಣು ಹಣೆಯ ಮೇಲೆ ನಿಂತಿತು. ಅವಳ ಕಣ್ಣು ಭುಜದ ಅಕ್ಷತೆಯ ಮೇಲೆ ನಿಂತಿತ್ತು. ಇಬ್ಬರಿಗೂ ಇಬ್ಬರೂ ಸಿಕ್ಕಿಬಿದ್ದಿದ್ದರು. ಆದರೆ ಆ ಗಳಿಗೆಯಲ್ಲಿ ಎಸ್ತೇರಮ್ಮನಿಗೆ ತನ್ನ ಹಣೆ ನೆನಪಿಗೆ ಬರಲಿಲ್ಲ. ಒಂಬತ್ತು ವರ್ಷ ಕಾದಿದ್ದು ಇವತ್ತು ಎಲೆಯ ಮುಂದೆ ಕೂತಿದೆ ಎಂಬುದಷ್ಟೇ ತಲೆಯಲ್ಲಿತ್ತು.

“ಇನ್ನೊಂದು ಹಾಕ್ಲಾ ಮೇಷ್ಟ್ರೇ?” ಎಂದಳು, ಪಕ್ಕದವರಿಗೆ ಕೇಳುವ ಹಾಗೆ. “ಮಗಳ ಮದುವೆ ಊಟ. ಹೊಟ್ಟೆ ತುಂಬ ಉಣ್ಣಿ.”

ಮೇಷ್ಟ್ರು ಎಲೆಯ ಮೇಲೆ ಬಿದ್ದ ಹೋಳಿಗೆಯನ್ನು ಮುರಿದು ಬಾಯಿಗಿಟ್ಟುಕೊಂಡರು. ನುಂಗಲು ಬಹಳ ಹೊತ್ತು ಹಿಡಿಯಿತು.

ಮುಂದಿನ ಭಾನುವಾರ ಆರಾಧನೆಯ ನಂತರ ಸಭೆಯ ವಾರ್ಷಿಕ ಕೂಟ. ಮೊದಲಿದ್ದ ಅಯ್ಯನವರು ಹೋಗಿ ಬೇರೆಯವರು ಬಂದಿದ್ದರು. ಕಾರ್ಯದರ್ಶಿ ಪ್ರಕಾಶ್, ಮೇಷ್ಟ್ರ ಕೈಯಲ್ಲೇ ಓದಿ ಮುಂದೆ ಬಂದವನು. ಬಣ್ಣ ಬಳಿಸುವುದು, ಫ್ಯಾನು ಹಾಕಿಸುವುದು ಎಲ್ಲ ಮುಗಿದ ಮೇಲೆ, ಎಂದೂ ಬಾಯಿ ಬಿಡದ ಕೊನೆಯ ಬೆಂಚಿನಿಂದ ಎಸ್ತೇರಮ್ಮ ಎದ್ದು ನಿಂತಳು.

“ಒಂದು ಮಾತು ಕೇಳ್ಬೇಕು. ಹೊರಗಿನ ಮದುವೇಲಿ ಉಂಡವರಿಗೆ ಆರು ತಿಂಗಳು ಅಂತ ನಿಯಮ ಮಾಡಿದ್ರಲ್ಲ. ಅದು ನಮ್ಮಂಥವರಿಗೆ ಮಾತ್ರಾನೋ, ಮಾಡಿದವರಿಗೂ ಉಂಟೋ?”

ಎಲ್ಲ ಬೆನ್ನುಗಳೂ ತಿರುಗಿದವು. ಅಷ್ಟು ವರ್ಷಗಳಲ್ಲಿ ಅವಳು ಆ ಮುಖಗಳನ್ನೆಲ್ಲ ಒಟ್ಟಿಗೆ ನೋಡಿದ್ದು ಅದೇ ಮೊದಲು.

“ಸವಳಂಗ ರೋಡಿನ ಛತ್ರದಲ್ಲಿ ಅಮೃತರಾಜ ಮೇಷ್ಟ್ರ ಎಲೆಗೆ ಹೋಳಿಗೆ ಬಡಿಸಿದವಳು ನಾನು. ಮೈಮೇಲೆ ಅಕ್ಷತೆ ಕಾಳೂ ಇತ್ತು. ಸುಳ್ಳು ಅಂದ್ರೆ ಅವರೇ ಎದ್ದು ಹೇಳ್ಲಿ.”

ಮೇಷ್ಟ್ರು ಎದ್ದು ನಿಂತರು. “ಸುಳ್ಳಲ್ಲ. ಹೋಗಿದ್ದೆ. ಒಬ್ಬಳೇ ಮಗಳು. ಕೈಲಾಗಲಿಲ್ಲ” ಎಂದರು.

ಪ್ರಕಾಶನ ಮುಖ ಬಿಳಚಿಕೊಂಡಿತು. ಗುರುವನ್ನು ಹೇಗಾದರೂ ಉಳಿಸಬೇಕು ಅವನಿಗೆ. ಎಸ್ತೇರಮ್ಮನ ಕಡೆ ತಿರುಗಿದ. “ನೀವು ಅಲ್ಲಿ ಏನ್ಮಾಡ್ತಿದ್ರಿ? ನಿಮಗೂ ಆ ನಿಯಮ ಇಲ್ವಾ?”

“ನಾನು ಉಣ್ಣೋಕೆ ಹೋಗಿರ್ಲಿಲ್ಲ. ಕೂಲಿಗೆ ಹೋಗಿದ್ದೆ.”

“ಸರ್,” ಎಂದ ಪ್ರಕಾಶ್ ಮೇಷ್ಟ್ರಿಗೆ, “ನೀವು ನೋಡಿದ್ರಲ್ಲ. ಇವರು ಅಲ್ಲಿ ಬಡಿಸ್ತಿದ್ರು ಅಷ್ಟೇನಾ? ಬೇರೆ ಏನೂ ಇಲ್ವಾ?”

ಆಗ ಎಸ್ತೇರಮ್ಮನಿಗೆ ಹಣೆ ನೆನಪಾಯಿತು. ಅಲ್ಲಿ ಕುಂಕುಮವಿಲ್ಲ, ಆದರೂ ಕೈ ತಾನಾಗಿ ಮೇಲಕ್ಕೆ ಹೋಯಿತು. ಮೇಷ್ಟ್ರು ಅವಳ ಹಣೆಯನ್ನೇ ನೋಡುತ್ತಿದ್ದರು. ಒಂದು ಮಾತು ಸಾಕಿತ್ತು. ಈಶ್ವರಮ್ಮ ಎಂಬ ಹೆಸರನ್ನು ಅವರೂ ಕೇಳಿಸಿಕೊಂಡಿರಬೇಕು. ಹೇಳಲಿ, ಹೇಳಿಬಿಡಲಿ, ಆಮೇಲೆ ನಾನೂ ಬಾಯಿ ಬಿಡುತ್ತೇನೆ, ಇಡೀ ದೇವಾಲಯ ಹಾರಿಹೋಗುವ ಹಾಗೆ ಕೂಗುತ್ತೇನೆ ಎಂದು ಅವಳು ಸೊಂಟಕ್ಕೆ ಸೆರಗು ಬಿಗಿದಳು.

“ಬಡಿಸ್ತಿದ್ರು,” ಎಂದರು ಮೇಷ್ಟ್ರು. “ಚೆನ್ನಾಗಿ ಬಡಿಸಿದ್ರು.” ಎಂದು ಕೂತುಬಿಟ್ಟರು.

ಗೆದ್ದವಳು ಎಸ್ತೇರಮ್ಮ. ಆದರೆ ಅಂದು ಮನೆಗೆ ಹೋದವಳು ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟಳು. ಅವನ್ಯಾವನು ನನ್ನನ್ನು ಉಳಿಸೋಕೆ? ಅವನ ಹತ್ತಿರ ನಾನು ಬೇಡಿದ್ದೆನಾ? ಒಂಬತ್ತು ವರ್ಷ ಹೊತ್ತ ಸಿಟ್ಟನ್ನು ಸರಿಯಾಗಿ ಎತ್ತಿ ಎಸೆಯುವ ಹೊತ್ತಿಗೆ ಆ ಮನುಷ್ಯ ಒಳ್ಳೆಯವನಾಗಿಬಿಡುವುದೆಂದರೇನು! ಕೆಟ್ಟವನಾಗಿಯೇ ಇದ್ದಿದ್ದರೆ ಅವಳಿಗೆ ಎಷ್ಟು ಸುಲಭವಾಗುತ್ತಿತ್ತು.

ಮರುವಾರ ಕಾಯಿ ತುರಿಯುತ್ತ ಹುಲಿಗೆಮ್ಮನಿಗೆ ಎಲ್ಲ ಹೇಳಿದಳು. ಹೇಳುವಾಗಲೂ ಗೆದ್ದ ದನಿಯಲ್ಲೇ ಹೇಳಿದಳು.

“ನಿನ್ನ ಹಣೇಲಿ ಕುಂಕುಮ ಇತ್ತಲ್ಲ, ಅವ್ರು ನೋಡ್ಲಿಲ್ವಾ?” ಎಂದಳು ಹುಲಿಗೆಮ್ಮ.

“ನೋಡಿದ್ರು.”

“ಹೇಳ್ಲಿಲ್ವಾ?”

“ಇಲ್ಲ.”

“ಅಯ್ಯೋ ಮಾರಾಯ್ತಿ” ಎಂದಳು ಹುಲಿಗೆಮ್ಮ. ಮುಂದಿನ ಕಾಯಿ ಎತ್ತಿಕೊಂಡಳು. ಎಸ್ತೇರಮ್ಮ ಅವಳ ಮೇಲೂ ರೇಗಿ ಆ ದಿನವಿಡೀ ಮಾತಾಡಲಿಲ್ಲ.

ಮೇಷ್ಟ್ರಿಗೆ ಆರು ತಿಂಗಳ ಶಿಸ್ತು ಬಿತ್ತು. ಮುಂದಿನ ತಿಂಗಳ ಮೊದಲ ಭಾನುವಾರ ಅವರು ಬಂದು ಗಂಡಸರ ಕಡೆಯ ಕೊನೆಯ ಬೆಂಚಿನಲ್ಲಿ ಕೂತರು. ನಡುವೆ ಕೆಂಪು ಕಾರ್ಪೆಟ್ಟಿನ ಓಣಿ, ಈಚೆಗೆ ಎಸ್ತೇರಮ್ಮ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವಳಿಗೆ ಮೊದಲು ಆದದ್ದು ಖುಷಿ, ಅದನ್ನು ಮುಚ್ಚಿಡುವುದೇಕೆ? ಕೂತ್ಕೋ, ಇಲ್ಲಿಂದ ಹೇಗೆ ಕಾಣುತ್ತೆ ನೋಡು ಎಂದುಕೊಂಡಳು. ಅವರ ಕಡೆ ತಿರುಗಿಯೂ ನೋಡದ ಹಾಗೆ ನೆಟ್ಟಗೆ ಕೂತಳು. ಆದರೆ ಕಣ್ಣಿನ ತುದಿಗೆ ಎಲ್ಲವೂ ಕಾಣುತ್ತಿತ್ತು. ಅಂಗಿಗೆ ಇಸ್ತ್ರಿಯಿರಲಿಲ್ಲ. ಜೇಬಿನಲ್ಲಿ ಪೆನ್ನುಗಳಿರಲಿಲ್ಲ.

ಅಯ್ಯನವರು ಸಮಾಧಾನ ಕೊಟ್ಟರು. ಗಂಡಸರ ಕಡೆ ಬೆಂಚಿನಿಂದ ಬೆಂಚಿಗೆ ಅದು ಬಂತು. ಕೊನೆಯ ಬೆಂಚಿನ ಮುಂದಿನ ಬೆಂಚಿನ ತುದಿಯಲ್ಲಿ ಪ್ರಕಾಶ್. ಶಿಸ್ತಿನಲ್ಲಿದ್ದವರಿಗೆ ರೊಟ್ಟಿಯಿಲ್ಲ ಎಂದು ನಿಯಮವಿತ್ತೇ ಹೊರತು ಸಮಾಧಾನವಿಲ್ಲ ಎಂದೇನೂ ಇರಲಿಲ್ಲ. ಮೇಷ್ಟ್ರು ಎರಡು ಅಂಗೈ ಜೋಡಿಸಿ ಮುಂದೆ ಚಾಚಿದರು. ಮುದಿ ಕೈಗಳು, ಬೆರಳುಗಳು ಒಂದಕ್ಕೊಂದು ಸರಿಯಾಗಿ ಕೂಡುತ್ತಿರಲಿಲ್ಲ. ಪ್ರಕಾಶ್ ಅರ್ಧ ತಿರುಗಿದ. ಸುತ್ತ ಒಮ್ಮೆ ನೋಡಿದ. ಕಾಲರ್ ಸರಿಮಾಡಿಕೊಂಡು ಮುಂದಕ್ಕೆ ತಿರುಗಿದ.

ಮೇಷ್ಟ್ರ ಕೈಗಳು ಸ್ವಲ್ಪ ಹೊತ್ತು ಹಾಗೇ ಇದ್ದವು. ಆಮೇಲೆ ಮಡಿಲಿಗೆ ಇಳಿದವು.

ಎಸ್ತೇರಮ್ಮನ ಮೈಯೆಲ್ಲ ಹೊತ್ತಿಕೊಂಡಿತು. ಪ್ರಕಾಶನ ಮೇಲೆ, ಹಾಗೆ ಕೂತ ಮೇಷ್ಟ್ರ ಮೇಲೆ, ಕತ್ತು ತಿರುಗಿಸದ ಎಲ್ಲರ ಮೇಲೆ, ಆ ಕೈಗಳನ್ನು ನೋಡಿದ ತನ್ನ ಕಣ್ಣುಗಳ ಮೇಲೆ. ಈ ಮನುಷ್ಯ ಹೀಗೆ ಕೂರಬೇಕೆಂದು ತಾನೇ ಬಯಸಿದ್ದು! ಕೂರಿಸಿದ್ದೂ ತಾನೇ. ಹಾಗಿದ್ದರೆ ಇದೇನು ಸಂಕಟ? ಅವಳಿಗೆ ಅದು ಕರುಣೆ ಎಂದು ಯಾರಾದರೂ ಹೇಳಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದಳು. ಮತ್ತೆ ಅವಳ ಕೈಯಲ್ಲಾದರೂ ಕೊಡಲು ಏನಿತ್ತು? ಅವಳಿಗೇ ಬಂದಿಲ್ಲ. ಬರಬೇಕಾದರೆ ಒಂದೇ ದಾರಿ, ಅದು ಇಷ್ಟು ವರ್ಷ ಅವಳು ಸತ್ತರೂ ತುಳಿಯೆನೆಂದಿದ್ದ ದಾರಿ.

ಅವಳು ಎದ್ದಳು. ಬಗ್ಗಿ ಮುಂದಿನ ಬೆಂಚಿನ ಸುಶೀಲಾಬಾಯಿಯ ಭುಜ ತಟ್ಟಿದಳು. ತಟ್ಟಿದ್ದಲ್ಲ, ಕುಟ್ಟಿದ್ದು.

“ಕೊಡಿ.”

ಸುಶೀಲಾಬಾಯಿ ಬೆಚ್ಚಿ ತಿರುಗಿದರು. “ಏನು?”

“ಸಮಾಧಾನ. ಕೊಡಿ ಅಂದೆ.”

ಇಂಥ ದನಿಯಲ್ಲಿ ಸಮಾಧಾನ ಕೇಳಿದ್ದನ್ನು ಆ ದೇವಾಲಯ ಎಂದೂ ಕಂಡಿರಲಿಲ್ಲ. ಸುಶೀಲಾಬಾಯಿ ಚಾಚಿದ ಎರಡು ಒರಟು ಕೈಗಳನ್ನು ತಮ್ಮ ಕೈಗಳ ನಡುವೆ ಹಿಡಿದರು. “ಕರ್ತನ ಸಮಾಧಾನ ಎಸ್ತೇರಮ್ಮ” ಎಂದರು. ಕೈ ಬಿಡುವಾಗ ಅವರ ಕಣ್ಣಲ್ಲಿ ನೀರಿತ್ತು. ಎಸ್ತೇರಮ್ಮ ಅದನ್ನು ನೋಡುವಷ್ಟು ನಿಲ್ಲಲಿಲ್ಲ.

ಕಾರ್ಪೆಟ್ಟು ದಾಟಿದಳು. ಹೆಂಗಸರ ಕಡೆಯಿಂದ ಗಂಡಸರ ಕಡೆಗೆ ಸಮಾಧಾನ ದಾಟುವ ಪದ್ಧತಿ ಅಲ್ಲಿರಲಿಲ್ಲ. ಮುಂದಿನ ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಅವಳು ಮೇಷ್ಟ್ರ ಮುಂದೆ ನಿಂತಳು.

“ಹಿಡೀರಿ ಕೈ” ಎಂದಳು. “ನನ್ನ ಸಿಟ್ಟು ಹೋಗಿಲ್ಲ, ತಿಳ್ಕೊಳ್ಳಿ. ಇದು ನನ್ನದಲ್ಲ. ಅಲ್ಲಿಂದ ಬಂದದ್ದು, ನಾನು ತಂದಿದ್ದು ಅಷ್ಟೇ.”

ಮೇಷ್ಟ್ರು ಅಂಗೈ ಜೋಡಿಸಿದರು. ಅವಳು ಅವನ್ನು ತನ್ನ ಕೈಗಳ ನಡುವೆ ಗಟ್ಟಿಯಾಗಿ ಅದುಮಿ ಹಿಡಿದಳು. “ಕರ್ತನ ಸಮಾಧಾನ” ಎಂದಳು, ಹಲ್ಲು ಕಚ್ಚಿಕೊಂಡೇ.

ಮೇಷ್ಟ್ರು ಕೈ ಬಿಡಿಸಿಕೊಳ್ಳಲಿಲ್ಲ. ತಲೆಯೆತ್ತಿ ಹೇಳಿದರು, ತರಗತಿಯ ಆ ಹಳೆಯ ದನಿಯಲ್ಲಿ ಅಲ್ಲ. “ನನಗೆ ಗೊತ್ತಿರ್ಲಿಲ್ಲಮ್ಮ. ಜಯಶೀಲ ಜಾರಿದ್ನೋ, ತಾನೇ ಇಳಿದ್ನೋ, ನನಗೆ ಗೊತ್ತಿರ್ಲಿಲ್ಲ. ಗೊತ್ತಿದ್ದವನ ಹಾಗೆ ಹೇಳಿಬಿಟ್ಟೆ. ಅದು ತಪ್ಪು.”

ಒಂಬತ್ತು ವರ್ಷ ಕಾದ ಮಾತು ಅದು. ಈಗ ತಾನು ಹೇಳಬೇಕಾದದ್ದು ಏನೆಂದೂ ಅವಳಿಗೆ ಗೊತ್ತಿತ್ತು. ಜಾರಿ ಬಿದ್ದ, ಅಷ್ಟೇ. ಸಾವಿರ ಸಲ ಹೇಳಿದ್ದಳು. ಬಾಯಿ ತೆರೆದಳು. ಆದರೆ ಬಾಯಿಗೆ ಬಂದದ್ದು ಆ ಸಂಜೆ ಮನೆಯ ಹೊಸಿಲಲ್ಲಿ ನಿಂತು, ಕುಡಿದು ಹೊರಟ ಗಂಡನ ಬೆನ್ನಿಗೆ ತಾನೇ ಕೂಗಿದ ಮಾತು. “ಹೋಗು, ಹೋಗಿ ಚಾನೆಲ್ಲಿಗೆ ಬೀಳು!”

ಅವಳು ಅದನ್ನು ನುಂಗಿಕೊಂಡಳು. ಮೇಷ್ಟ್ರ ಕೈಗಳು ಇನ್ನೂ ಅವಳ ಕೈಗಳ ನಡುವೆಯೇ ಇದ್ದವು.

“ನನಗೂ ಗೊತ್ತಿಲ್ಲ ಮೇಷ್ಟ್ರೇ” ಎಂದಳು ಎಸ್ತೇರಮ್ಮ.